ಇಂದಿನ ಧಮ್ಮ ಚಿಂತನೆ: ಮಡಕೆಯೊಳಗಿನ ಇನ್ಸುಲಿನ್



ಇಂದಿನ ಪಾಠ ವಿನಯ ಪಿಟಕದ ಮಹಾವಗ್ಗದಿಂದ. ಹೊಟ್ಟೆ ಕೆಟ್ಟು ಮಲಗಿದ್ದ ಭಿಕ್ಷುವಿನ ಪ್ರಸಂಗ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದೇ. ಇದನ್ನು ಭಗವಾನರ ಕರುಣೆಯ ಕಥೆ ಅಂತ ಹೇಳಿ, ಕೈ ಮುಗಿದು, ಮುಂದಕ್ಕೆ ಹೋಗಿಬಿಡುತ್ತೇವೆ. ಆದರೆ ಈ ಪ್ರಸಂಗದ ಕೊನೆಯಲ್ಲಿ ಒಂದು ನಿಯಮ ಇದೆ. ಆ ನಿಯಮದ ಜೊತೆಗೆ ರೋಗಿ ಹೇಗಿದ್ದರೆ ನೋಡಿಕೊಳ್ಳುವುದು ಸುಲಭ, ನೋಡಿಕೊಳ್ಳುವವರು ಹೇಗಿದ್ದರೆ ಆ ಕೆಲಸಕ್ಕೆ ಯೋಗ್ಯರು ಅನ್ನುವ ಎರಡು ಪಟ್ಟಿಯೂ ಇದೆ. ಇವತ್ತು ಓದಬೇಕಾಗಿರುವುದು ಆ ಭಾಗವನ್ನು.

ಪ್ರಸಂಗ ಹೀಗಿದೆ. ಒಬ್ಬ ಭಿಕ್ಷು ಭೇದಿ ಹತ್ತಿ, ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಭಗವಾನರು ಆನಂದರ ಜೊತೆ ವಸತಿಗಳನ್ನು ನೋಡುತ್ತಾ ಬಂದರು. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಅಂದ. ಯಾಕೆ ಎಂದರೆ, ನಾನು ಉಳಿದ ಭಿಕ್ಷುಗಳಿಗೆ ಏನೂ ಮಾಡಿದವನಲ್ಲ, ಅದಕ್ಕೆ ಅವರೂ ನನ್ನನ್ನು ನೋಡುವುದಿಲ್ಲ ಅಂದ. ಭಗವಾನರು ಆನಂದರಿಂದ ನೀರು ತರಿಸಿದರು. ತಾವು ನೀರು ಹಾಕಿದರು, ಆನಂದರು ತೊಳೆದರು. ಒಬ್ಬರು ತಲೆ ಹಿಡಿದು, ಇನ್ನೊಬ್ಬರು ಕಾಲು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು ಕೇಳಿದರು. ಅವರ ಉತ್ತರವೂ ಅದೇ: ಅವನು ನಮಗೆ ಏನೂ ಮಾಡಿಲ್ಲ. ಆಗ ಭಗವಾನರು ಹೇಳಿದ್ದರ ಸಾರ ಇಷ್ಟು: ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ. ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನು ಯಾರು ನೋಡಬೇಕು? ನನ್ನ ಸೇವೆ ಮಾಡಬೇಕೆಂದು ಇರುವವರು ರೋಗಿಯ ಸೇವೆ ಮಾಡಲಿ. ಗುರುವಿದ್ದರೆ ಗುರು, ಶಿಷ್ಯನಿದ್ದರೆ ಶಿಷ್ಯ, ಯಾರೂ ಇಲ್ಲದಿದ್ದರೆ ಇಡೀ ಸಂಘವೇ ನೋಡಿಕೊಳ್ಳಬೇಕು. ನೋಡಿಕೊಳ್ಳದಿದ್ದರೆ ಅದು ದೋಷ.

ಗಮನಿಸಿ. ಕರುಣೆ ಬಂದರೆ ಮಾಡಿ ಅಂತ ಹೇಳಲಿಲ್ಲ. ಅವನು ನಿಮಗೆ ಏನಾದರೂ ಮಾಡಿದ್ದನೇ ಅನ್ನುವ ಲೆಕ್ಕವನ್ನೇ ತೆಗೆದುಹಾಕಿದರು. ಕೊಟ್ಟದ್ದಕ್ಕೆ ಪ್ರತಿಯಾಗಿ ಸೇವೆ ಅಲ್ಲ, ಕಾಯಿಲೆ ಬಿದ್ದಿದ್ದಾನೆ ಅನ್ನುವುದೇ ಸಾಕು.

ಈಗ ಇದನ್ನು ನಮ್ಮ ಬೆಟ್ಟಕ್ಕೆ ತರೋಣ. ನಮ್ಮ ಬಳಗದಲ್ಲಿ ಒಂದು ಕುಟುಂಬ ಇದೆ. ಹೆಸರು ಬೇಡ, ಬರೆಯಲು ಅವರ ಒಪ್ಪಿಗೆ ಇದೆ. ಅಣ್ಣನದು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ, ಎಡಕುಮೇರಿ ಭಾಗದಲ್ಲಿ. ಮನೆ ದೋಣಿಗಲ್ ಕಡೆ. ಅಕ್ಕ ತೋಟದ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಅಣ್ಣನ ತಾಯಿ, ಎಂಟು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ.

ಎಡಕುಮೇರಿ ನೋಡದವರಿಗೆ ಒಂದು ಮಾತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಹಳಿ. ಅದರ ನಡುವೆ ಕಾಡಿನೊಳಗೆ ಇರುವ ಸ್ಟೇಷನ್ ಎಡಕುಮೇರಿ. ಕುಮೇರಿ ಎಂದರೆ ಹಿಂದೆ ಕಾಡು ಕಡಿದು ಸುಟ್ಟು ಮಾಡುತ್ತಿದ್ದ ಬೇಸಾಯ. ಈಗ ಅಲ್ಲಿ ಹಳಿ, ಸುರಂಗ, ಮಳೆ, ಜಿಗಣೆ. ಬಸ್ಸು ಹೋಗುವ ರಸ್ತೆ ಇಲ್ಲ. ಅಕ್ಕಿ ಬೇಳೆಯೂ ರೈಲಿನಲ್ಲೇ ಬರಬೇಕು. ಅಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ 108ಕ್ಕೆ ಫೋನ್ ಮಾಡಿ ಪ್ರಯೋಜನ ಇಲ್ಲ, ಆಂಬುಲೆನ್ಸ್‌ಗೆ ದಾರಿಯೇ ಇಲ್ಲ. ಮಳೆಗಾಲದಲ್ಲಿ ರಾತ್ರಿಯೆಲ್ಲಾ ಟಾರ್ಚ್ ಹಿಡಿದು ಹಳಿ ಕಾಯುವ ಕೆಲಸ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಸುಮಾರು ಎರಡು ವಾರ ಪ್ರಯಾಣಿಕರ ರೈಲು ನಿಂತಿತ್ತಲ್ಲ, ಆಗ ಬೆಂಗಳೂರು ಮಂಗಳೂರಿನವರಿಗೆ ಟಿಕೆಟ್ ರದ್ದಾದ ಚಿಂತೆ. ಹಳಿ ಸರಿಮಾಡುವವರ ಮನೆಗಳಲ್ಲಿ ಅಪ್ಪ ಯಾವಾಗ ಫೋನ್ ಮಾಡುತ್ತಾನೆ ಅನ್ನುವ ಚಿಂತೆ. ಸುರಂಗದೊಳಗೆ ಸಿಗ್ನಲ್ ಸಿಗುವುದಿಲ್ಲ.

ಹಾಗಾಗಿ ಮಗಳಿಗೆ ರಾತ್ರಿ ಎರಡು ಗಂಟೆಗೆ ಸಕ್ಕರೆ ಇಳಿದು ಮೈ ಬೆವತು ನಡುಗಿದಾಗ, ತೀರ್ಮಾನ ಮಾಡುವವರು ಅಕ್ಕ ಒಬ್ಬರೇ.

ಈ ಕಾಯಿಲೆಯ ಬಗ್ಗೆ ತಿಳಿಯದವರಿಗಾಗಿ ಸ್ವಲ್ಪ ಹೇಳಬೇಕು. ದೊಡ್ಡವರಿಗೆ ಬರುವ ಸಾಮಾನ್ಯ ಶುಗರ್ ಬೇರೆ, ಇದು ಬೇರೆ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಕಣಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ತಪ್ಪಾಗಿ ನಾಶ ಮಾಡಿಬಿಡುತ್ತದೆ. ಸಿಹಿ ತಿಂದದ್ದಕ್ಕೆ ಬರುವುದಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮಾತ್ರೆಯಲ್ಲಿ ಹೋಗುವುದಿಲ್ಲ, ಯಾಕೆಂದರೆ ಇನ್ಸುಲಿನ್ ನುಂಗಿದರೆ ಹೊಟ್ಟೆಯಲ್ಲಿ ಅನ್ನದ ಹಾಗೆ ಜೀರ್ಣವಾಗಿಬಿಡುತ್ತದೆ. ಸೂಜಿಯೇ ಬೇಕು, ದಿನಕ್ಕೆ ಹಲವು ಬಾರಿ, ಜೀವನಪೂರ್ತಿ. ಈ ಮಗುವಿಗೆ ಮೊದಲು ಕಂಡ ಲಕ್ಷಣ ಏನು ಗೊತ್ತೇ? ಹಾಸಿಗೆಯಲ್ಲಿ ಮೂತ್ರ. ನಿಂತುಹೋಗಿದ್ದ ಅಭ್ಯಾಸ ಏಳನೇ ವರ್ಷದಲ್ಲಿ ಮತ್ತೆ ಶುರುವಾಯಿತು. ಚೊಂಬು ಚೊಂಬು ನೀರು ಕುಡಿಯುತ್ತಿದ್ದಳು, ಎಷ್ಟು ತಿಂದರೂ ಸೊರಗುತ್ತಿದ್ದಳು. ನಿಮ್ಮ ಮನೆಯ, ಪಕ್ಕದ ಮನೆಯ ಮಕ್ಕಳಲ್ಲಿ ಈ ಮೂರೂ ಒಟ್ಟಿಗೆ ಕಂಡರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ನಾಳೆ ಅನ್ನಬೇಡಿ. ವಾಂತಿ, ಹೊಟ್ಟೆನೋವು, ಜೋರಾದ ಆಳವಾದ ಉಸಿರು ಶುರುವಾದರೆ ಅದು ಜೀವಕ್ಕೆ ಅಪಾಯದ ಹಂತ.

ಈಗ ಮಹಾವಗ್ಗದ ಪಟ್ಟಿಗೆ ಬರೋಣ. ನೋಡಿಕೊಳ್ಳಲು ಸುಲಭವಾದ ರೋಗಿಯ ಐದು ಗುಣ ಹೇಳಿದ್ದಾರೆ: ತನಗೆ ಹಿತವಾದದ್ದನ್ನು ಮಾಡುವುದು, ಹಿತವಾದದ್ದರಲ್ಲೂ ಮಿತಿ ತಿಳಿದಿರುವುದು, ಔಷಧಿ ತೆಗೆದುಕೊಳ್ಳುವುದು, ಕಾಯಿಲೆ ಏರಿತೋ ಇಳಿಯಿತೋ ಹಾಗೇ ಇದೆಯೋ ಎಂದು ನೋಡಿಕೊಳ್ಳುವವರಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು, ನೋವು ತಾಳುವುದು. ನನಗೆ ಇದರಲ್ಲಿ ನಾಲ್ಕನೆಯದು ಬಹಳ ದೊಡ್ಡದಾಗಿ ಕಾಣುತ್ತದೆ. ಎಂಟು ವರ್ಷದ ಮಗು ಇದ್ದದ್ದು ಇದ್ದ ಹಾಗೆ ಯಾವಾಗ ಹೇಳುತ್ತದೆ? ಹೇಳಿದರೆ ಏಟು ಬೀಳುವುದಿಲ್ಲ ಅಂತ ಗೊತ್ತಿದ್ದಾಗ.

ಜೂನ್ ತಿಂಗಳು. ಪಕ್ಕದ ಮನೆಯಲ್ಲಿ ಹಲಸಿನ ಹಣ್ಣು ಬಿಡಿಸಿದ್ದಾರೆ. ಮಗು ಹೋಗಿ ಹತ್ತು ತೊಳೆ ತಿಂದು ಬಂದು ಬಾಯಿ ಒರೆಸಿಕೊಂಡು ಕೂತಿದೆ. ಗ್ಲುಕೋಮೀಟರ್ 340 ತೋರಿಸುತ್ತದೆ. ಅಜ್ಜಿ ಕೇಳುತ್ತಾರೆ, ಏನು ತಿಂದೆ? ಏನಿಲ್ಲ. ಸುಳ್ಳು ಹೇಳ್ತೀಯಾ ಅಂತ ಬೈಗುಳ. ಮಾರನೇ ದಿನ ಬೆರಳು ಚುಚ್ಚಲು ಕೈಯನ್ನೇ ಕೊಡುವುದಿಲ್ಲ. ಅಕ್ಕ ಇದಕ್ಕೆ ಮನೆಯಲ್ಲಿ ಒಂದು ಕಟ್ಟು ಮಾಡಿದರು. ಮೀಟರ್‌ನಲ್ಲಿ ಬಂದ ನಂಬರಿಗೆ ಯಾರೂ ಬೈಯುವ ಹಾಗಿಲ್ಲ. ಅದು ಮಾರ್ಕ್ಸ್ ಕಾರ್ಡ್ ಅಲ್ಲ. 340 ಬಂದರೆ 340 ಅಂತ ನೋಟ್‌ಬುಕ್‌ನಲ್ಲಿ ಬರೆಯುವುದು, ಡಾಕ್ಟರು ಹೇಳಿದ ಹಾಗೆ ಸೂಜಿ ಹಾಕುವುದು, ಅಷ್ಟೇ. ಮೂರು ವಾರಕ್ಕೆ ಮಗುವೇ ಬಂದು ಹೇಳಿತಂತೆ: ಅಮ್ಮ, ನಾನು ನಾಲ್ಕು ತೊಳೆ ತಿಂದಿದ್ದೀನಿ.

ಪಂಚಶೀಲದಲ್ಲಿ ಮುಸಾವಾದಾ ವೇರಮಣಿ ಹೇಳುತ್ತೇವೆ. ಮಕ್ಕಳಿಗೂ ಹೇಳಿಸುತ್ತೇವೆ. ನಿಜ ಹೇಳಿದವರಿಗೆ ಶಿಕ್ಷೆ ಕೊಡುವ ಮನೆಯಲ್ಲಿ ಆ ಶೀಲ ಬರೀ ಬಾಯಿಪಾಠ. ನಾಲ್ಕನೇ ಶೀಲದ ಅರ್ಧ ಭಾರ ಕೇಳಿಸಿಕೊಳ್ಳುವವರ ಮೇಲೆ ಇದೆ ಅಂತ ನನ್ನ ಅಭಿಪ್ರಾಯ. ಭಾನುವಾರ ಇದನ್ನು ಚರ್ಚೆ ಮಾಡಬಹುದು.

ಇನ್ನು ನೋಡಿಕೊಳ್ಳುವವರ ಐದು ಗುಣ. ಔಷಧಿ ಸಿದ್ಧ ಮಾಡಲು ಬರಬೇಕು. ಯಾವುದು ಹಿತ ಯಾವುದು ಅಹಿತ ಗೊತ್ತಿದ್ದು, ಹಿತವಾದದ್ದನ್ನು ಹತ್ತಿರ ತಂದು ಅಹಿತವಾದದ್ದನ್ನು ದೂರ ಇಡಬೇಕು. ಲಾಭದ ಆಸೆಯಿಂದಲ್ಲ, ಮೈತ್ರಿಯಿಂದ ನೋಡಿಕೊಳ್ಳಬೇಕು. ಮಲ, ಮೂತ್ರ, ಉಗುಳು, ವಾಂತಿ ತೆಗೆಯಲು ಹೇಸಬಾರದು. ಆಗಾಗ ಧಮ್ಮದ ಮಾತಿನಿಂದ ರೋಗಿಯ ಮನಸ್ಸನ್ನು ಹಗುರ ಮಾಡಬೇಕು.

ಮೊದಲನೆಯದು ಏನು ನೋಡಿ: ಔಷಧಿ ಸಿದ್ಧ ಮಾಡುವ ಕೌಶಲ. ಮೈತ್ರಿ ಮೂರನೆಯದು! ಪ್ರೀತಿ ಇದ್ದರೆ ಸಾಲದು, ಕೆಲಸ ಬರಬೇಕು. ಬಾಟಲಿಯಿಂದ ಸಿರಿಂಜಿಗೆ ಎಷ್ಟು ಯೂನಿಟ್ ಎಳೆಯಬೇಕು, ಗಾಳಿಗುಳ್ಳೆ ಹೇಗೆ ತೆಗೆಯಬೇಕು, ನಿನ್ನೆ ತೊಡೆಗೆ ಹಾಕಿದ್ದರೆ ಇವತ್ತು ಹೊಟ್ಟೆಗೆ ಅಂತ ಜಾಗ ಬದಲಿಸಬೇಕು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ ಇದೆಲ್ಲ ಕಲಿತಿದ್ದಾರೆ. ಆ ಮನೆಯಲ್ಲಿ ಫ್ರಿಜ್ ಇಲ್ಲ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟು ಹೋದರೆ ಮೂರು ದಿನಕ್ಕೆ ಬರುವುದು, ಫ್ರಿಜ್ ಇದ್ದವರದ್ದೂ ಅದೇ ಪಾಡು. ಅಕ್ಕನ ಮನೆಯಲ್ಲಿ ಎರಡು ಮಡಕೆ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇನ್ಸುಲಿನ್, ಮೇಲೆ ಒದ್ದೆ ಬಟ್ಟೆ. ನೀರು ಆವಿಯಾಗುತ್ತಾ ಒಳಗೆ ತಂಪಾಗಿರುತ್ತದೆ. ಬಳಸುತ್ತಿರುವ ಬಾಟಲಿಗೆ ಇದು ಸಾಕು, ಅದನ್ನು ಸುಮಾರು 28 ದಿನದೊಳಗೆ ಮುಗಿಸಬೇಕು. ತೆರೆಯದ ಬಾಟಲಿಗಳು ತಿಂಗಳುಗಟ್ಟಲೆ ಇರಬೇಕಾದರೆ 2ರಿಂದ 8 ಡಿಗ್ರಿ ಬೇಕು, ಅದಕ್ಕೆ ಫ್ರಿಜ್ಜೇ ಬೇಕು. ಅದರಲ್ಲೂ ಐಸ್ ಆಗುವ ಜಾಗದಲ್ಲಿ ಇಡಬಾರದು, ಒಮ್ಮೆ ಹೆಪ್ಪುಗಟ್ಟಿದರೆ ಆ ಇನ್ಸುಲಿನ್ ಎಸೆಯಬೇಕು. ಬಳಸಿದ ಸೂಜಿಗಳು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹೋಗುತ್ತವೆ, ತುಂಬಿದ ಮೇಲೆ ಆಸ್ಪತ್ರೆಗೆ ವಾಪಸ್. ಚಿಕ್ಕ ಮಗ ಎಲ್ಲದಕ್ಕೂ ಕೈ ಹಾಕುವ ವಯಸ್ಸಿನವನು.

ಆ ಚಿಕ್ಕವನದ್ದೇ ಒಂದು ಕಥೆ. ಅಕ್ಕನಿಗೆ ಮಾತ್ರ ಸೂಜಿ, ಅಮ್ಮ ಯಾವಾಗಲೂ ಅಕ್ಕನ ಹತ್ತಿರವೇ ಇರುತ್ತಾರೆ, ನನಗೆ ಯಾಕಿಲ್ಲ ಅಂತ ಅವನ ಹಠ. ಬೆಳಿಗ್ಗೆ ಐದೂವರೆಗೆ ಅಕ್ಕಿರೊಟ್ಟಿ ತಟ್ಟಬೇಕು, ಮಗಳ ಬೆರಳು ಚುಚ್ಚಿ ನೋಡಬೇಕು, ಸೂಜಿ ಹಾಕಬೇಕು, ಆಮೇಲೆ ತಿನ್ನಿಸಬೇಕು, ಏಳೂವರೆಗೆ ತೋಟದ ಕೆಲಸಕ್ಕೆ ಹೊರಡಬೇಕು. ಇದರ ಮಧ್ಯೆ ಅವನು ನೆಲದ ಮೇಲೆ ಬಿದ್ದು ಹೊರಳಾಡುತ್ತಾನೆ. ಅಜ್ಜಿ ಕೊನೆಗೆ ಒಂದು ಉಪಾಯ ಮಾಡಿದರು. ಸೂಜಿ ಇಲ್ಲದ ಹಳೆಯ ಸಿರಿಂಜು ತೊಳೆದು ಅವನ ಕೈಗೆ ಕೊಟ್ಟರು. ಅವನು ಬಟ್ಟೆಯ ಬೊಂಬೆಗೆ ದಿನಾ ಬೆಳಿಗ್ಗೆ ಇಂಜೆಕ್ಷನ್ ಕೊಡುತ್ತಾನೆ, ಅಳಬೇಡ ಅಂತ ಸಮಾಧಾನವನ್ನೂ ಹೇಳುತ್ತಾನೆ. ಕಾಯಿಲೆ ಇರುವ ಮಗುವಿನ ಪಕ್ಕದಲ್ಲಿ ಇರುವ ಕಾಯಿಲೆ ಇಲ್ಲದ ಮಗುವೂ ಒಂದು ರೀತಿ ಸೊರಗುತ್ತದೆ. ಆ ಮನೆಗೆ ಹೋದಾಗ ದಯವಿಟ್ಟು ಮೊದಲು ಅವನನ್ನು ಎತ್ತಿಕೊಳ್ಳಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಕಾಯಿಲೆ ಗೊತ್ತಾದ ಮೊದಲ ತಿಂಗಳಲ್ಲೇ ಊರಿನವರ ಬಾಯಿ ಶುರುವಾಯಿತು. ಮನೆದೇವರು ಬಿಟ್ಟರು, ದೈವಕ್ಕೆ ಕೊಡುವುದು ನಿಲ್ಲಿಸಿದರು, ಬುದ್ಧ ಬುದ್ಧ ಅಂತ ಹೋದರು, ಅದಕ್ಕೇ ಮಗುವಿಗೆ ಹೀಗಾಯಿತು. ಇನ್ನು ಕೆಲವರು ಹಿಂದಿನ ಜನ್ಮದ ಕರ್ಮ ಅಂದರು. ಮತ್ತೊಬ್ಬರು ಒಂದು ಕಷಾಯದ ಹೆಸರು ಹೇಳಿ, ಇದನ್ನು ಕುಡಿಸಿ ಸೂಜಿ ನಿಲ್ಲಿಸಿ ಅಂದರು. ಅಜ್ಜಿ ಹೆದರಿದರು. ಹೆದರುವುದು ಸಹಜ. ತನ್ನ ಕಣ್ಣೆದುರು ಮೊಮ್ಮಗಳು ಸೊರಗಿದ್ದನ್ನು ನೋಡಿದವರು ಅವರು. ಒಂದು ಹರಕೆ ಕಟ್ಟಿಕೊಳ್ಳೋಣ, ಏನು ಹೋಗುತ್ತೆ ಅಂತ ಅವರ ಮಾತು.

ಇಂಥ ಮಾತಿಗೆ ಭಗವಾನರು ಏನು ಹೇಳಿದ್ದಾರೆ? ಸಂಯುತ್ತ ನಿಕಾಯದಲ್ಲಿ ಮೋಳಿಯಸೀವಕ ಎಂಬ ಪರಿವ್ರಾಜಕ ಇದೇ ಪ್ರಶ್ನೆ ಕೇಳುತ್ತಾನೆ. ಮನುಷ್ಯ ಅನುಭವಿಸುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವು ಶ್ರಮಣ ಬ್ರಾಹ್ಮಣರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಅಂತ. ಭಗವಾನರು ಕಾರಣಗಳನ್ನು ಎಣಿಸಿ ಹೇಳುತ್ತಾರೆ: ಕೆಲವು ನೋವು ಪಿತ್ತದಿಂದ ಬರುತ್ತವೆ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಈ ಮೂರೂ ಕೂಡಿ, ಕೆಲವು ಹವೆ ಬದಲಾಗಿ, ಕೆಲವು ದೇಹವನ್ನು ಸರಿಯಾಗಿ ನೋಡಿಕೊಳ್ಳದೆ, ಕೆಲವು ಪೆಟ್ಟಿನಿಂದ. ಕರ್ಮದ ಹೆಸರು ಬರುವುದು ಎಂಟನೆಯದಾಗಿ. ಹೀಗಿರುವಾಗ ಎಲ್ಲವೂ ಪೂರ್ವಕರ್ಮ ಎನ್ನುವವರು ತಾವೇ ಕಂಡದ್ದನ್ನೂ, ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ, ಅದು ಅವರ ತಪ್ಪು ಎಂದು ಹೇಳಿ ಮುಗಿಸುತ್ತಾರೆ. ಅಂದಿನ ವೈದ್ಯದ ಭಾಷೆ ಅದು. ಇಂದು ಪಿತ್ತದ ಜಾಗದಲ್ಲಿ ಮೇದೋಜೀರಕ ಗ್ರಂಥಿಯ ಕಣ ಅನ್ನುತ್ತೇವೆ. ಹುಡುಕುವ ರೀತಿ ಮಾತ್ರ ಅದೇ: ಕಾರಣವನ್ನು ದೇಹದಲ್ಲಿ, ಹವೆಯಲ್ಲಿ, ಪೆಟ್ಟಿನಲ್ಲಿ ನೋಡು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇನ್ನೂ ಮುಂದೆ ಹೋದರು. ಹಿಂದಿನ ಜನ್ಮದ ಕರ್ಮ ಈ ಜನ್ಮದ ಸ್ಥಿತಿಯನ್ನು ತೀರ್ಮಾನಿಸುತ್ತದೆ ಎಂಬ ಸಿದ್ಧಾಂತ ಬುದ್ಧರದ್ದೇ ಅಲ್ಲ ಎಂದರು. ಬಡವರ, ಕೆಳಗೆ ತುಳಿಯಲ್ಪಟ್ಟವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆ ಹೊರದೆ ತಪ್ಪಿಸಿಕೊಳ್ಳಲು ಬಿಟ್ಟರೆ ಅದರಿಂದ ಬೇರೆ ಉಪಯೋಗ ಕಾಣದು ಎನ್ನುವುದು ಅವರ ವಾದ. ಮಗುವಿನ ಕಾಯಿಲೆಗೆ ಕರ್ಮ ಎಂದ ಕೂಡಲೇ ಏನಾಗುತ್ತದೆ ಯೋಚಿಸಿ. ಸ್ಟ್ರಿಪ್ ಎಲ್ಲಿ ಸಿಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಶಾಲೆಯಲ್ಲಿ ಟೀಚರಿಗೆ ಹೇಳಿಕೊಟ್ಟಿದ್ದೀರಾ ಅಂತ ಕೇಳುವುದಿಲ್ಲ. ಅಯ್ಯೋ ಪಾಪ ಅಂತ ಹೇಳಿ ಕೈ ತೊಳೆದುಕೊಳ್ಳಲು ದಾರಿ ಸಿಗುತ್ತದೆ, ಅಷ್ಟೇ.

ಆದರೆ ಅಜ್ಜಿಯ ಜೊತೆ ಜಗಳ ಬೇಡ. ಅಕ್ಕ ಅತ್ತೆಗೆ ಹೇಳಿದ್ದು ಹೀಗೆ: "ಅತ್ತೆ, ನೀವು ಏನು ಬೇಕಾದರೂ ಹೇಳಿ, ಸೂಜಿ ಒಂದು ನಿಲ್ಲಿಸೋ ಮಾತು ಮಾತ್ರ ಆಡಬೇಡಿ. ಒಂದು ದಿನ ಬಿಟ್ಟರೂ ಮಗು ಉಳಿಯಲ್ಲ ಅಂತ ಡಾಕ್ಟರ್ ಹೇಳಿದಾರೆ." ಆಮೇಲೆ ಅಜ್ಜಿಯ ಕೈಗೇ ನೋಟ್‌ಬುಕ್ ಕೊಟ್ಟರು. ಅಜ್ಜಿಗೆ ಓದಲು ಬರುವುದಿಲ್ಲ, ಅಂಕಿ ಗೊತ್ತು. 70ಕ್ಕಿಂತ ಕಡಿಮೆ ಬಂದರೆ ಎರಡು ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸುವುದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು, ಇನ್ನೂ ಕಡಿಮೆ ಇದ್ದರೆ ಮತ್ತೆ ಕುಡಿಸುವುದು. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಮಲಗಿಸಿ ಆಸ್ಪತ್ರೆಗೆ. ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸುವ ಹಾಗಿಲ್ಲ, ಡಾಕ್ಟರಿಗೆ ಫೋನ್ ಮಾಡಿ ಎಷ್ಟು ಹಾಕಬೇಕು ಅಂತ ಕೇಳುವುದು. ಈಗ ಹಗಲು ಹೊತ್ತು ಅಜ್ಜಿಯೇ ನೋಡಿಕೊಳ್ಳುತ್ತಾರೆ. ಭಯಕ್ಕೆ ವಾದ ಔಷಧಿಯಲ್ಲ, ಕೆಲಸ ಔಷಧಿ. ಹರಕೆಯ ಮಾತು ಕಡಿಮೆಯಾಗಿದೆ, ನಿಂತಿಲ್ಲ. ಇರಲಿ.

ಇಲ್ಲೇ ಒಂದು ವಿಷಯ. ನಮ್ಮಲ್ಲಿ ಕೆಲವರು ಕಷ್ಟದಲ್ಲಿರುವ ತಾಯಂದಿರ ಹತ್ತಿರ ಹೋಗಿ ಕಿಸಾಗೋತಮಿಯ ಕಥೆ, ಸಾಸಿವೆ ಕಾಳಿನ ಕಥೆ ಹೇಳುತ್ತಾರೆ. ಅದು ಮಗು ತೀರಿಹೋದ ತಾಯಿಗೆ ಸಂಬಂಧಿಸಿದ್ದು. ಬದುಕಿರುವ ಮಗುವಿಗಾಗಿ ರಾತ್ರಿ ನಿದ್ದೆಗೆಡುತ್ತಿರುವ ತಾಯಿಗೆ ಸಾವಿನ ಕಥೆ ಬೇಡ. ಅವರಿಗೆ ಹೇಳಬೇಕಾದದ್ದು ನಕುಲಮಾತೆಯ ಕಥೆ.

ಅಂಗುತ್ತರ ನಿಕಾಯದಲ್ಲಿ ಬರುತ್ತದೆ. ಭಗ್ಗ ದೇಶದ ಸುಂಸುಮಾರಗಿರಿಯಲ್ಲಿ ನಕುಲಪಿತ ಎಂಬ ಗೃಹಸ್ಥ ಕಾಯಿಲೆ ಬಿದ್ದ. ಪ್ರಾಣ ಹೋಗುವ ಸ್ಥಿತಿ. ಹೆಂಡತಿ ನಕುಲಮಾತೆ ಪಕ್ಕದಲ್ಲಿ ಕೂತು ಮಾತಾಡಿದಳು. ಚಿಂತೆ ಇಟ್ಟುಕೊಂಡು ಸಾಯಬೇಡ ಅಂದಳು. ಮೊದಲನೇ ಧೈರ್ಯ ಏನು ಕೊಟ್ಟಳು ಗೊತ್ತೇ? ಸ್ವರ್ಗವಲ್ಲ, ನಿಬ್ಬಾಣವಲ್ಲ. ನನಗೆ ಹತ್ತಿ ನೂಲಲು ಬರುತ್ತದೆ, ಉಣ್ಣೆ ಬಿಡಿಸಲು ಬರುತ್ತದೆ, ಮಕ್ಕಳನ್ನು ಸಾಕಿ ಮನೆ ನಡೆಸಬಲ್ಲೆ ಎಂದಳು. ಆಮೇಲೆ ತನ್ನ ನಿಷ್ಠೆ, ಶೀಲ, ಸಮಾಧಾನ, ಧಮ್ಮದಲ್ಲಿ ತನಗಿರುವ ದೃಢತೆಯ ಬಗ್ಗೆ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ಕಾಯಿಲೆ ಇಳಿಯಿತು. ಕೋಲು ಊರಿಕೊಂಡು ಭಗವಾನರನ್ನು ನೋಡಲು ಹೋದಾಗ, ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಭಾಗ್ಯ ಎಂಬ ಅರ್ಥದ ಮಾತು ಅವರಿಂದ ಬಂತು.

ಎಡಕುಮೇರಿಯ ಹಳಿಯ ಮೇಲೆ ಮಳೆಯಲ್ಲಿ ನಡೆಯುವ ಅಣ್ಣನಿಗೆ ನಮ್ಮ ಅಕ್ಕನ ಕೂಲಿಯೂ, ಅವರ ಕೈಯಲ್ಲಿರುವ ಸಿರಿಂಜಿನ ವಿದ್ಯೆಯೂ ಇದೇ ರೀತಿಯ ಧೈರ್ಯ. ಆದರೆ ಒಂದು ಮಾತು ಸೇರಿಸುತ್ತೇನೆ. ನಕುಲಮಾತೆಯನ್ನು ಹೊಗಳಿ ಎಲ್ಲ ಭಾರವನ್ನೂ ಹೆಣ್ಣಿನ ತಲೆ ಮೇಲೆ ಹಾಕುವುದು ಬೇಡ. ಅಣ್ಣ ಡ್ಯೂಟಿ ಮುಗಿಸಿ ಮನೆಗೆ ಬಂದ ರಾತ್ರಿಗಳಲ್ಲಿ ಎರಡು ಗಂಟೆಯ ಪರೀಕ್ಷೆ ಅವರದ್ದು. ಅಕ್ಕ ಆ ರಾತ್ರಿ ಏಳುವುದಿಲ್ಲ. ಮೊದಲು ಅವರಿಗೆ ಮಗಳಿಗೆ ಸೂಜಿ ಚುಚ್ಚಲು ಕೈ ನಡುಗುತ್ತಿತ್ತಂತೆ, ಕಬ್ಬಿಣದ ಕಂಬಿ ಎತ್ತುವ ಕೈ.

ಬಾಬಾಸಾಹೇಬರ ಮನೆಯನ್ನು ನೆನೆಯದೆ ಈ ಪಾಠ ಮುಗಿಯುವುದಿಲ್ಲ. ರಮಾಬಾಯಿ ಮತ್ತು ಅವರ ಐವರು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಕೊನೆಯ ಮಗ ರಾಜರತ್ನ ಹೋದದ್ದು 1926ರ ಜುಲೈನಲ್ಲಿ. ಉಳಿದದ್ದು ಯಶವಂತರು ಒಬ್ಬರೇ. ರಮಾಬಾಯಿಯವರೂ ದೀರ್ಘ ಕಾಯಿಲೆಯಿಂದ 1935ರ ಮೇ 27ರಂದು ಹೋದರು. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆಯ ಪರವಾಗಿ ಎದ್ದು ನಿಂತು, ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಎಂದು ವಾದಿಸಿದ ಮನುಷ್ಯ, ಅದಕ್ಕೆ ಎರಡು ವರ್ಷ ಮೊದಲು ಮಗನನ್ನು ಮಣ್ಣು ಮಾಡಿ ಬಂದಿದ್ದ ತಂದೆ.

ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಸಂವಿಧಾನದ ಕೆಲಸ ನಡೆದ ವರ್ಷಗಳಲ್ಲಿ ಕಾಲುನೋವಿನಿಂದ ರಾತ್ರಿ ನಿದ್ದೆಯಿರಲಿಲ್ಲ. 1948ರ ಏಪ್ರಿಲ್ 15ರಂದು ಅವರು ಮದುವೆಯಾದ ಡಾ. ಶಾರದಾ ಕಬೀರ್, ಅಂದರೆ ನಮ್ಮ ಸವಿತಾ ಮಾಯಿ, ಸ್ವತಃ ವೈದ್ಯೆ. ಸೂಜಿ, ಪಥ್ಯ, ಔಷಧಿ ಎಲ್ಲ ಅವರ ಕೈಯಲ್ಲೇ. 'ಬುದ್ಧ ಮತ್ತು ಆತನ ಧಮ್ಮ'ಕ್ಕೆ 1956ರ ಮಾರ್ಚ್‌ನಲ್ಲಿ ಬರೆದ ಮುನ್ನುಡಿಯಲ್ಲಿ, ಆರುತ್ತಿದ್ದ ತಮ್ಮ ಜೀವ ಮತ್ತೆ ಉರಿಯುವಂತೆ ಮಾಡಿದ್ದು ತಮ್ಮ ಪತ್ನಿ ಮತ್ತು ಡಾ. ಮಾಳವಣಕರ್ ಎಂದು ಬಾಬಾಸಾಹೇಬರು ಕೃತಜ್ಞತೆ ಹೇಳಿದ್ದಾರೆ. ಆ ಮುನ್ನುಡಿ ಪುಸ್ತಕದ ಮೊದಲ ಮುದ್ರಣದಲ್ಲಿ ಬರಲಿಲ್ಲ. ಅವರು ಹೋದ ಮೇಲೆ ನಮ್ಮವರೇ ಹಲವರು ಸವಿತಾ ಮಾಯಿಯ ಮೇಲೆ ಸಂಶಯಪಟ್ಟರು. ವಿಚಾರಣೆಯೂ ನಡೆಯಿತು, ಅವರ ತಪ್ಪಿಲ್ಲ ಎಂದಾಯಿತು, ಆದರೂ ವರ್ಷಗಟ್ಟಲೆ ಅವರು ಚಳವಳಿಯಿಂದ ದೂರ ಉಳಿಯಬೇಕಾಯಿತು. ಮುಂದೆ ದಲಿತ ಪ್ಯಾಂಥರ್ ಯುವಕರು ಅವರನ್ನು ಮತ್ತೆ ವೇದಿಕೆಗೆ ಕರೆತಂದರು. ರೋಗಿಗೆ ಏನಾದರೂ ಆದರೆ ನೋಡಿಕೊಂಡವರ ಕಡೆ ಬೆರಳು ತೋರಿಸುವುದು ನಮಗೆ ಎಷ್ಟು ಸುಲಭ ನೋಡಿ. ದೋಣಿಗಲ್ಲಿನ ಅಕ್ಕನಿಗೂ ಕೇಳಿಬಂದದ್ದು ಅದೇ ಮಾತು: ತಾಯಿ ಸರಿಯಾಗಿ ನೋಡಿಕೊಂಡಿದ್ದರೆ ಹೀಗಾಗುತ್ತಿತ್ತೇ?

ಇನ್ಸುಲಿನ್ ಬಂದ ಕಥೆಯನ್ನೂ ಮಕ್ಕಳಿಗೆ ಹೇಳಿ. ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇದರ ಕೆಲಸ ಶುರು ಮಾಡಿದರು. 1922ರ ಜನವರಿಯಲ್ಲಿ ಸಾವಿನ ಹತ್ತಿರ ಇದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲು ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ, ಯಾವ ಹರಕೆಗೂ ಉಳಿಯುತ್ತಿರಲಿಲ್ಲ. ಕಂಡುಹಿಡಿದವರು ಪೇಟೆಂಟನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ದಾನ ಪಾರಮಿತೆ ಓದುವಾಗ ಇದನ್ನು ನೆನೆಯಬಹುದು.

ಇನ್ನೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಕೇಳಿ ಪಡೆಯಲು ನಮ್ಮವರು ಸಂಕೋಚಪಡುತ್ತಾರೆ, ಯಾರದ್ದೋ ಕಾಲು ಹಿಡಿದ ಹಾಗೆ ಮಾತಾಡುತ್ತಾರೆ. ಸಂವಿಧಾನದ 47ನೇ ವಿಧಿ ಜನರ ಆರೋಗ್ಯವನ್ನು ಸುಧಾರಿಸುವುದು ಸರ್ಕಾರದ ಮೊದಲ ಕರ್ತವ್ಯಗಳಲ್ಲಿ ಒಂದು ಎನ್ನುತ್ತದೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಇರಲಿ, ಹಾಸನದ ಹಿಮ್ಸ್ ಇರಲಿ, ಚೀಟಿ ಮಾಡಿಸಿ, ಕೂತು, ನೇರವಾಗಿ ಕೇಳಿ. ಇವತ್ತು ಇಲ್ಲ ಅಂದರೆ ಯಾವಾಗ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಆಶಾ ಕಾರ್ಯಕರ್ತೆಗೂ ತಿಳಿಸಿ.

ಸಂಘದಲ್ಲಿ ಯಾರೂ ಇಲ್ಲದಿದ್ದರೆ ಎಲ್ಲರೂ ನೋಡಬೇಕು ಅನ್ನುವ ವಿನಯದ ನಿಯಮವನ್ನು ನಮ್ಮ ಬಳಗ ಹೇಗೆ ಪಾಲಿಸಬಹುದು ಅಂತ ಹೋದ ತಿಂಗಳು ಮಾತಾಡಿದ್ದೆವು. ಇಬ್ಬರು ಬೆರಳು ಚುಚ್ಚಿ ನೋಡಲು, ಸಕ್ಕರೆ ಇಳಿದರೆ ಏನು ಮಾಡಬೇಕೆಂದು ಕಲಿತಿದ್ದಾರೆ. ಹಾಗಾಗಿ ಅಕ್ಕ ಒಂದು ಸಂಬಂಧಿಕರ ಮದುವೆಗೆ ಹೋಗಿಬರಲು ಆಯಿತು, ಎರಡು ವರ್ಷದಲ್ಲಿ ಮೊದಲ ಬಾರಿಗೆ. ಒಬ್ಬರು ತಮ್ಮ ಮನೆಯ ಫ್ರಿಜ್‌ನಲ್ಲಿ ತೆರೆಯದ ಬಾಟಲಿಗಳಿಗೆ ಜಾಗ ಕೊಟ್ಟಿದ್ದಾರೆ. ವಂದನೆಗೆ ಬರಲು ಆಗುವುದಿಲ್ಲ ಅಂತ ಅಕ್ಕ ಬೇಸರಪಡುತ್ತಿದ್ದರು. ಮಗಳ ಬೆರಳಿಗೆ ಚುಚ್ಚುವ ಮುಂಚೆ ತಾಯಿ ಮಗಳು ಇಬ್ಬರೂ ಒಂದು ಉಸಿರು ಎಳೆದು ಬಿಡುತ್ತಾರಂತೆ, ಆಮೇಲೆ ತ್ರಿಸರಣ ಹೇಳಿ ಚುಚ್ಚುತ್ತಾರಂತೆ. ದಿನಕ್ಕೆ ನಾಲ್ಕು ಸಲ ಸರಣ ಹೇಳುವವರು ನಮ್ಮಲ್ಲಿ ಬೇರೆ ಯಾರಿದ್ದಾರೆ?

ಭಾನುವಾರದ ಚರ್ಚೆಗೆ ಎರಡು ಪ್ರಶ್ನೆ: ನಮ್ಮ ನಮ್ಮ ಮನೆಯಲ್ಲಿ ನಿಜ ಹೇಳಿದ್ದಕ್ಕೆ ಬೈಸಿಕೊಳ್ಳುತ್ತಿರುವ ರೋಗಿ ಯಾರಾದರೂ ಇದ್ದಾರೆಯೇ? ಬಳಗದಲ್ಲಿ ಇನ್ನು ಯಾವ ಮನೆಗೆ ಒಂದು ದಿನದ ಬಿಡುವು ಬೇಕಾಗಿದೆ? ಈ ಸಲ ಬರುವವರು ಹಳೆಯ ಮಡಕೆ ಇದ್ದರೆ ತನ್ನಿ, ಆಲೂರು ಕಡೆ ಇನ್ನೊಂದು ಮಗುವಿಗೆ ಹೊಸದಾಗಿ ಕಾಯಿಲೆ ಗೊತ್ತಾಗಿದೆ, ಆ ಮನೆಗೆ ಕಟ್ಟಿಕೊಡಬೇಕು. ಮರಳು ಇಲ್ಲೇ ಇದೆ.

ನಾಳೆಯ ಪಾಠ: ಸಿಗಾಲೋವಾದ ಸುತ್ತ, ಯಜಮಾನ ಮತ್ತು ಕೆಲಸದವರ ಭಾಗ. ಕೆಲಸದವರು ಕಾಯಿಲೆ ಬಿದ್ದಾಗ ಯಜಮಾನನ ಕರ್ತವ್ಯ ಏನು ಎಂಬುದು ಅಲ್ಲಿದೆ, ತೋಟದ ಕೆಲಸಕ್ಕೆ ಹೋಗುವವರು ತಪ್ಪದೆ ಓದಿಕೊಂಡು ಬನ್ನಿ.

ಸಬ್ಬೇ ಸತ್ತಾ ಸುಖೀ ಹೊಂತು. ಜೈ ಭೀಮ್.